ಗೋಡೆ ಕಡೆಯ ಜಾಗ

ಫೆಬ್ರವರಿ 11, ಮಂಗಳವಾರ

ಒಬ್ದುಲಿಯಾ ಬಂದಳು. ಸರಗೋಸದಿಂದ ಇಲ್ಲಿಗೆ ರೈಲು ಬಸ್ಸು ಸೇರಿ ನಾಲ್ಕು ಗಂಟೆಯ ದಾರಿ. ಆ ದಾರಿ ಸವೆಸಲು ನನ್ನ ತಂಗಿಗೆ ಎರಡು ವರ್ಷ ಹಿಡಿಯಿತು. ಅಮ್ಮನ ಹೃದಯ ಇನ್ನು ಕೆಲವು ವಾರ ನಡೆದರೆ ಹೆಚ್ಚು ಎಂದು ಡಾಕ್ಟರು ಹೇಳಿದ ಮೇಲೆ ಮಹಾತಾಯಿಗೆ ಊರಿನ ನೆನಪಾಯಿತು.

ಬಂದವಳು ಕೋಟು ಬಿಚ್ಚುವ ಮೊದಲೇ ಒಂದು ನೀಲಿ ಫೈಲು ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಸ್ಮಶಾನದ ಅರ್ಜಿ. ನಮ್ಮ ಮನೆಯವರಿಗೆ ಸ್ಮಶಾನದ ಗೋಡೆಯಲ್ಲಿ ಒಂದೇ ಒಂದು ಗೂಡಿದೆ, ಎರಡನೇ ಸಾಲಿನಲ್ಲಿ. ಹದಿನಾಲ್ಕು ವರ್ಷದಿಂದ ಅದರಲ್ಲಿ ಅಪ್ಪ ಇದ್ದಾರೆ. ಒಂದು ಗೂಡಿಗೆ ಒಂದೇ ಶವಪೆಟ್ಟಿಗೆ ಹಿಡಿಸುವುದು. ಇನ್ನೊಬ್ಬರು ಒಳಗೆ ಹೋಗಬೇಕಾದರೆ ಮೊದಲಿನವರ ಮೂಳೆಗಳನ್ನು ಆರಿಸಿ, ಸಣ್ಣ ಡಬ್ಬಿಯಲ್ಲಿ ತುಂಬಿ, ಹಿಂದಕ್ಕೆ ತಳ್ಳಿ ಜಾಗ ಮಾಡಬೇಕು. ಈ ಊರಿನ ಗಂಡ ಹೆಂಡಿರೆಲ್ಲ ಕೊನೆಗೆ ಒಂದಾಗುವುದು ಹಾಗೆಯೇ. ಆದರೆ ಅದನ್ನು ಯಾರಾದರೂ ಸತ್ತ ಮೇಲೆ ಮಾಡುತ್ತಾರೆ. ಅಮ್ಮ ಪಕ್ಕದ ಕೋಣೆಯಲ್ಲಿ ಕುಳಿತು ಹಾಲಿಗೆ ಬಿಸ್ಕತ್ತು ಅದ್ದುತ್ತಿರುವಾಗ ಅಲ್ಲ.

"ಆ ದಿನ ಓಡಾಡೋಕೆ ಪುರುಸೊತ್ತು ಸಿಗಲ್ಲ ಕಸಿ. ಮಾರನೇ ದಿನಾನೇ ಹೂಳ್ತಾರೆ. ಈಗಲೇ ಮಾಡಿಸಿಟ್ಟುಬಿಡೋಣ," ಎಂದಳು. ಅಕ್ಕ ಎಂದು ಕರೆಯುವುದಿಲ್ಲ, ಚಿಕ್ಕಂದಿನಿಂದಲೂ ನಾನು ಅವಳಿಗೆ ಕಸಿ. ಇಬ್ಬರು ಹೆಣ್ಣುಮಕ್ಕಳ ಸಹಿಯೂ ಬೇಕಂತೆ. ತನ್ನದನ್ನು ಆಗಲೇ ಹಾಕಿ ತಂದಿದ್ದಳು, ನೀಲಿ ಶಾಯಿಯಲ್ಲಿ, ದುಂಡಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಜೀವ ಇರುವಾಗಲೇ ಹಾಸಿಗೆ ಸುತ್ತಿಡುವವರನ್ನು ಇವತ್ತೇ ಕಂಡದ್ದು. ಫೈಲನ್ನು ಫ್ರಿಜ್ಜಿನ ಮೇಲಕ್ಕೆ ಎಸೆದೆ.

ಫೆಬ್ರವರಿ 13, ಗುರುವಾರ

ಮಠದ ಅಂಗಳದಲ್ಲಿ ಇವತ್ತು ಎಂಥ ಗಾಳಿ ಎಂದರೆ ಪ್ರವಾಸಿ ಗುಂಪಿನ ಹೆಂಗಸೊಬ್ಬಳ ಟೋಪಿ ಹಾರಿತು, ಅದನ್ನು ಹಿಡಿಯಲು ಹೋದ ಗಂಡ ಬಿದ್ದ. ಮಂಡಿ ಉಜ್ಜಿಕೊಳ್ಳುತ್ತ ಅವನು ನನ್ನನ್ನು ಕೇಳಿದ್ದು, ಮಠ ಕಟ್ಟಲು ರಾಜ ಇಂಥ ದರಿದ್ರ ಜಾಗವನ್ನೇ ಏಕೆ ಹುಡುಕಿದ ಅಂತ. ಅದನ್ನು ಅವನು ನಾನೂರೈವತ್ತು ವರ್ಷ ಮೊದಲು ಬಂದು ರಾಜನನ್ನೇ ಕೇಳಬೇಕಿತ್ತು.

ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿ ಗೈಡಿನ ಕೆಲಸ ಮಾಡುತ್ತಿದ್ದೇನೆ. ಅರ್ಧ ಅರಮನೆ, ಅರ್ಧ ಮಠ, ನಡುವೆ ಚರ್ಚು, ಅದರ ಕೆಳಗೆ ರಾಜರ ಗೋರಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಲ್ಲ ಕಾಲಿಗೇ ಗೊತ್ತು. ಗ್ರಂಥಾಲಯದಲ್ಲಿ ಪುಸ್ತಕಗಳು ಬೆನ್ನನ್ನು ಒಳಗೆ ಹಾಕಿ, ಚಿನ್ನ ಬಳಿದ ಅಂಚನ್ನು ಹೊರಗೆ ತೋರಿಸಿಕೊಂಡು ನಿಂತಿವೆ. ಹೆಸರು ಓದಲು ಬರುವುದಿಲ್ಲ, ಹೊಳಪು ಮಾತ್ರ ಕಾಣುತ್ತದೆ. ಇವತ್ತು ಅದನ್ನು ತೋರಿಸುವಾಗ ಒಬ್ದುಲಿಯಾ ನೆನಪಾದಳು.

ಗೋರಿಗೆ ಇಳಿಯುವ ಮೆಟ್ಟಿಲಲ್ಲಿ ಯಥಾಪ್ರಕಾರ ನಿಲ್ಲಿಸಿದೆ. ಇಲ್ಲಿ ಗೋಡೆಯ ಹಿಂದೆ ಒಂದು ಕೊಳೆಕೋಣೆಯಿದೆ, ಯಾರನ್ನೂ ಬಿಡುವುದಿಲ್ಲ. ರಾಜ ಸತ್ತರೆ ನೇರ ಅಮೃತಶಿಲೆಗೆ ಹೋಗುವಂತಿಲ್ಲ, ಮೊದಲು ಇಪ್ಪತ್ತೈದು ಮೂವತ್ತು ವರ್ಷ ಆ ಕೋಣೆಯಲ್ಲಿ ಕರಗಬೇಕು. ಆಮೇಲೆ ಮೂಳೆ ಆರಿಸಿ ಒಂದು ಗಜದ ಪೆಟ್ಟಿಗೆಗೆ ತುಂಬುತ್ತಾರೆ. "ನೋಡಿ, ರಾಜನಾದರೂ ಸಾಲಿನಲ್ಲಿ ನಿಲ್ಲಲೇಬೇಕು, ನಿಮ್ಮ ಹಾಗೆ ಮುಂಗಡ ಟಿಕೆಟ್ಟು ಇಲ್ಲ," ಎಂದೆ. ಎಲ್ಲರೂ ನಕ್ಕರು. ಯಾವತ್ತೂ ನಗುತ್ತಾರೆ.

ಫೆಬ್ರವರಿ 19, ಬುಧವಾರ

ಅಮ್ಮನಿಗೆ ನನ್ನ ಕೈಯಲ್ಲಿ ಮೂರು ಚಮಚ ಸೂಪು ಇಳಿಯುವುದಿಲ್ಲ. ಒಬ್ದುಲಿಯಾ ಕೂತು ತಿನ್ನಿಸಿದರೆ ಬಟ್ಟಲು ಖಾಲಿ. ಆ ಬೆಳ್ಳುಳ್ಳಿ ಸೂಪಿನಲ್ಲಿ ಉಪ್ಪು ಎಷ್ಟಿದೆ ಎಂದರೆ ಆರೋಗ್ಯವಾಗಿರುವವರ ಹೃದಯವೂ ನಿಲ್ಲಬೇಕು. ಹೇಳಿದರೆ, "ಇನ್ನು ಯಾವ ಪಥ್ಯ ಕಸಿ, ರುಚಿಯಾಗಾದ್ರೂ ತಿನ್ನಲಿ ಬಿಡು" ಅನ್ನುತ್ತಾಳೆ. ಎರಡು ವರ್ಷ ಉಪ್ಪಿಲ್ಲದೆ ಬೇಯಿಸಿ ಬೇಯಿಸಿ ಅಮ್ಮನಿಂದ ಬೈಸಿಕೊಂಡವಳು ನಾನು, ರುಚಿಯ ಹೆಸರು ಬಂದದ್ದು ಅವಳಿಗೆ.

ಮಧ್ಯಾಹ್ನ ಮತ್ತೆ ಫೈಲು ತೆಗೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಸತ್ತಾಗ ಎಲ್ಲಿದ್ದೆ ನೀನು ಎಂದು ಕೇಳಿದೆ. ಗೂಡಿನ ಬಾಯಿಗೆ ಗಾರೆ ಮೆತ್ತಿ ಕೈತೊಳೆದ ಮೇಲೆ ಟ್ಯಾಕ್ಸಿಯಲ್ಲಿ ಇಳಿದವಳು. ಅಪ್ಪನಿಗೆ ಕ್ಷೌರ ಮಾಡಿ ಬಟ್ಟೆ ಹಾಕಿದವಳು ನಾನು. ಆವತ್ತು ನವೆಂಬರಿನ ಹಿಮಮಳೆ. ಮೂವತ್ತನಾಲ್ಕು ವರ್ಷ ಈ ಮಠದ ಚಾವಣಿ ಹತ್ತಿ ಕಪ್ಪುಕಲ್ಲಿನ ಹಂಚು ಕೂರಿಸಿದ ಮನುಷ್ಯನನ್ನು ತೆಳ್ಳನೆ ಸೂಟಿನಲ್ಲಿ ಹೊರಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಅವರ ಚಾವಣಿಯ ಮಳೆಕೋಟನ್ನೇ ಹಾಕಿ, ಕುತ್ತಿಗೆಯವರೆಗೆ ಗುಂಡಿ ಹಾಕಿ, ರಬ್ಬರ್ ಬೂಟು ತೊಡಿಸಿದೆ. ಊರೇ ಬಂದು ನೋಡಿ, ಸಿಪ್ರಿಯಾನೊ ಕೆಲಸಕ್ಕೆ ಹೊರಟ ಹಾಗೇ ಇದ್ದಾನೆ ಎಂದು ಅತ್ತಿತು. ಈಗ ನೀನು ಬಂದು ಅವರನ್ನು ಡಬ್ಬಿಗೆ ತುಂಬುತ್ತೀಯಾ ಎಂದೆ.

ಅವಳು ಮಾತಾಡದೆ ಅಮ್ಮನ ಹಾಸಿಗೆಯ ಬಟ್ಟೆ ಒಗೆಯಲು ಹೋದಳು. ಅವಳ ಈ ಮೌನ ನನಗೆ ಮೊದಲಿಂದಲೂ ಆಗುವುದಿಲ್ಲ. ಜಗಳಕ್ಕೂ ಎರಡು ಕೈ ಸೇರಬೇಕು.

ಫೆಬ್ರವರಿ 20, ಗುರುವಾರ

ಸಹಿ ಹಾಕುವುದಿಲ್ಲ. ಹಾಕುವುದಿಲ್ಲ ಅಂದರೆ ಹಾಕುವುದಿಲ್ಲ.

ಮಾರ್ಚ್ 3, ಸೋಮವಾರ

ಮಠಕ್ಕೆ ರಜೆ. ಒಬ್ದುಲಿಯಾ ಔಷಧಿ ತರಲು ಹೋಗಿದ್ದಳು. ಅಮ್ಮನ ಬೆನ್ನಿಗೆ ಕ್ರೀಮು ಹಚ್ಚುತ್ತಿದ್ದೆ. ಇದ್ದಕ್ಕಿದ್ದಂತೆ ಅಮ್ಮ, ಸಹಿ ಆಯಿತಾ ಎಂದು ಕೇಳಿದರು.

ಯಾವ ಸಹಿ ಎಂದು ನಾಟಕ ಆಡಿದೆ.

"ಗೂಡಿಂದು. ನಾನೇ ಕಣೇ ಅವಳಿಗೆ ಫೋನ್ ಮಾಡಿ ಹೇಳಿದ್ದು. ನಿಂಗೆ ಹೇಳಿದ್ರೆ ಕೂಗಾಡ್ತೀಯ." ಸ್ವಲ್ಪ ಉಸಿರು ತೆಗೆದುಕೊಂಡು, "ಐವತ್ತೆರಡು ವರ್ಷ ಜೋಡಿ ಮಂಚದಲ್ಲಿ ಮಲಗಿದೋಳು. ಈಗ ಹೋಗಿ ಒಂಟಿ ಮಂಚದಲ್ಲಿ ಮಲಗು ಅಂದ್ರೆ ನನ್ ಕೈಲಾಗಲ್ಲ. ಜಾಗ ಆಗಿದೆ ಅಂತ ಕಿವಿಯಾರೆ ಕೇಳಿಕೊಂಡು ಹೋಗ್ಬೇಕು," ಎಂದರು.

ಅಂದರೆ ಮೂರು ವಾರದಿಂದ ನನ್ನ ಬಾಯಿಗೆ ಸಿಕ್ಕಿ ಒಬ್ದುಲಿಯಾ ತಿಂದ ಬೈಗುಳವೆಲ್ಲ ಅಮ್ಮನ ಪಾಲಿನದು. ಒಂದು ಮಾತು ಬಿಡಬಹುದಿತ್ತಲ್ಲ ಅವಳು! ನನ್ನನ್ನು ಕೆಟ್ಟವಳನ್ನಾಗಿ ಮಾಡಿ ತಾನು ಸಂತಳಂತೆ ಬಟ್ಟೆ ಒಗೆಯುತ್ತ ಕುಳಿತಳು. ಅದಕ್ಕೂ ನನಗೆ ಅವಳ ಮೇಲೆ ಕೋಪ.

ಮಾರ್ಚ್ 5, ಬೂದಿ ಬುಧವಾರ

ಸಹಿ ಹಾಕಿದೆ. ಆಮೇಲೆ ಚರ್ಚಿಗೆ ಹೋಗಿ ಹಣೆಗೆ ಬೂದಿ ಹಾಕಿಸಿಕೊಂಡೆ. ಮಣ್ಣಿನಿಂದ ಬಂದವಳು ಮಣ್ಣಿಗೇ ಹೋಗುವೆ ಎಂದು ಪಾದ್ರಿ ಪಿಸುಗುಟ್ಟಿದರು. ಅದನ್ನು ನಾನು ದಿನಕ್ಕೆ ಮೂರು ಗುಂಪಿಗೆ ಹೇಳುತ್ತೇನೆ, ಗಟ್ಟಿಯಾಗಿ.

ಮಾರ್ಚ್ 18, ಮಂಗಳವಾರ

ಗೂಡು ತೆರೆಯುವಾಗ ಮನೆಯವರೊಬ್ಬರು ಇರಬೇಕು. ಒಬ್ದುಲಿಯಾ ತಾನೊಬ್ಬಳೇ ಹೋಗುತ್ತೇನೆ, ನೀನು ಅದನ್ನೆಲ್ಲ ನೋಡಬೇಡ ಎಂದಳು. ಅಪ್ಪನನ್ನು ಮಲಗಿಸಿದವಳು ನಾನು, ಎಬ್ಬಿಸುವಾಗಲೂ ನಾನಿರಬೇಕು ಎಂದು ರೇಗಿದೆ. ಕೊನೆಗೆ ಅಮ್ಮನನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ಇಬ್ಬರೂ ಹೋದೆವು.

ಸ್ಮಶಾನದ ಅನಸ್ತಾಸಿಯೊ ನನ್ನ ಶಾಲೆಯ ಜೊತೆಗಾರ. ಫಲಕ ತೆಗೆದ, ಇಟ್ಟಿಗೆ ತೆಗೆದ, ಇನ್ನೊಬ್ಬನ ಜೊತೆ ಸೇರಿ ಪೆಟ್ಟಿಗೆಯನ್ನು ಹೊರಕ್ಕೆಳೆದ. ನಮ್ಮನ್ನು ಹತ್ತು ಹೆಜ್ಜೆ ದೂರದ ಸೈಪ್ರೆಸ್ ಮರದ ಕೆಳಗೆ ನಿಲ್ಲಿಸಿದ್ದ. ಮುಚ್ಚಳ ಎತ್ತಿ ಒಳಗೆ ನೋಡಿದ. ಇನ್ನೊಬ್ಬನೂ ನೋಡಿದ. ಅನಸ್ತಾಸಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡ, ಆಮೇಲೆ ನಮ್ಮ ಕಡೆ ನಡೆದು ಬಂದ.

"ಆಗಿಲ್ಲ," ಎಂದ.

ಏನು ಆಗಿಲ್ಲ ಎಂದು ಕೇಳಿದವಳು ನಾನೇ. ಕೊಳೆಕೋಣೆಯ ಬಗ್ಗೆ ಇಪ್ಪತ್ತೊಂಬತ್ತು ವರ್ಷ ಭಾಷಣ ಮಾಡಿದವಳು.

ಅವನು ನೆಲ ನೋಡುತ್ತ ಬಿಡಿಸಿ ಹೇಳಿದ. ದೇಹ ಕರಗಿಲ್ಲ. ಗಾಳಿ ಆಡುವ ಬಟ್ಟೆಯಾಗಿದ್ದರೆ ಈ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ರಬ್ಬರು, ಪ್ಲಾಸ್ಟಿಕ್ಕು ಸುತ್ತಿದರೆ ಒಳಗಿರುವುದು ಒಳಗೇ ಉಳಿಯುತ್ತದೆ. ಅರ್ಧ ಆದವರನ್ನು ಡಬ್ಬಿಗೆ ತುಂಬುವ ಹಾಗಿಲ್ಲ. ಕೋಟು ಬೂಟು ಬಿಚ್ಚಿ, ಮತ್ತೆ ಮುಚ್ಚಿ ಒಳಗಿಡುತ್ತಾನೆ, ಐದು ವರ್ಷ ಬಿಟ್ಟು ಮತ್ತೆ ತೆರೆದು ನೋಡಬೇಕು. ಅಷ್ಟರಲ್ಲಿ ಅಮ್ಮ ಹೋದರೆ ಬೇರೆ ಗೂಡು.

"ಇಂಥ ಕೋಟನ್ನ ಯಾರು ಹಾಕಿದ್ದು?" ಎಂದು ಕೇಳಿದ. ಬೈಯಲು ಕೇಳಿದ್ದಲ್ಲ, ಪಾಪ, ಕಾಗದದಲ್ಲಿ ಬರೆಯಬೇಕಿತ್ತು.

"ನಾವು. ನಾನೂ ಅಕ್ಕನೂ ಸೇರಿ ಹಾಕಿದ್ವಿ," ಎಂದಳು ಒಬ್ದುಲಿಯಾ.

ಮನೆಗೆ ಬರುವ ಇಳಿಜಾರಿನಲ್ಲಿ, ಸುಳ್ಳು ಯಾಕೆ ಹೇಳಿದೆ, ನೀನು ಊರಲ್ಲೇ ಇರಲಿಲ್ಲವಲ್ಲ ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ನನ್ನ ತೋಳು ಹಿಡಿದುಕೊಂಡೇ ನಡೆದಳು. ಮಂಜು ಬಿದ್ದು ಕಲ್ಲು ಜಾರುತ್ತಿತ್ತು.

ಮಾರ್ಚ್ 19, ಬುಧವಾರ

ಮಾಡಿದ್ದುಣ್ಣೋ ಮಹಾರಾಯ. ಹದಿನಾಲ್ಕು ವರ್ಷ ಆ ಕೋಟಿನ ಕತೆಯನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದೆನಲ್ಲ. ಅಪ್ಪನಿಗೆ ಚಳಿಯಾಗಬಾರದು ಎಂದು ಗುಂಡಿ ಹಾಕಿದೆ. ಒಂದೊಂದು ಗುಂಡಿಯೂ ಅಮ್ಮನ ಮುಖಕ್ಕೆ ಹಾಕಿದ ಬಾಗಿಲು. ನನ್ನ ಕೈ ಕತ್ತರಿಸಿ ಹಾಕಬೇಕು.

ಮಾರ್ಚ್ 21, ಶುಕ್ರವಾರ

ಗುಂಪು ಕಳಿಸುವ ಏಜೆನ್ಸಿಯವರು ಫೋನ್ ಮಾಡಿದ್ದರು. ನಿನ್ನೆಯ ಗುಂಪಿನಲ್ಲಿ ಯಾರೋ ದೂರು ಕೊಟ್ಟಿದ್ದಾರಂತೆ, ಗೋರಿಯ ಮೆಟ್ಟಿಲಲ್ಲಿ ಗೈಡು ಏನನ್ನೂ ಹೇಳದೆ ಸುಮ್ಮನೆ ನಿಂತಿದ್ದಳು ಅಂತ. ಮುಂದಿನ ಗುಂಪು ಮೇಲೆ ಬರುತ್ತಿತ್ತು, ಮೆಟ್ಟಿಲು ಇಕ್ಕಟ್ಟು, ದಾರಿ ಬಿಡಲು ನಿಂತೆ. ಅದಕ್ಕೂ ದೂರೇ? ಕೊಳೆಕೋಣೆಯ ವಿಷಯ ಎಲ್ಲೋ ಓದಿಕೊಂಡು ಬಂದಿದ್ದ ಒಬ್ಬ ಮುದುಕ ಮಾತ್ರ ಹಿಂದುಳಿದು, ರಾಜರು ಕರಗುವ ಅಷ್ಟು ವರ್ಷ ಅವರ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳಿದ. ಕಾಯುತ್ತಿದ್ದರು ಎಂದೆ. ದೂರು ಕೊಟ್ಟವನು ಅವನಲ್ಲ ಅಂದುಕೊಳ್ಳುತ್ತೇನೆ.

ಮಾರ್ಚ್ 23, ಭಾನುವಾರ

ಒಬ್ದುಲಿಯಾ ಅಮ್ಮನಿಗೆ ಸುಳ್ಳು ಹೇಳಿದ್ದಾಳೆ. ಎಲ್ಲ ಆಯಿತು, ಜಾಗ ಸಿದ್ಧವಾಗಿದೆ ಎಂದಿದ್ದಾಳೆ. ಬೆಳಿಗ್ಗೆ ಹಾಲು ಕಾಯಿಸುತ್ತ, ಹವಾಮಾನ ಹೇಳಿದಷ್ಟು ಸಲೀಸಾಗಿ ನನಗೆ ಅದನ್ನು ಹೇಳಿದಳು.

ಕೆಂಡಾಮಂಡಲವಾದೆ. ಸಾಯುವವರಿಗೆ ಸುಳ್ಳು ಹೇಳಿ ಕಳಿಸುವುದೇ? ತಪ್ಪು ನನ್ನದು, ಅಮ್ಮನ ಕಾಲು ಹಿಡಿದು ನಾನೇ ಹೇಳಿಕೊಳ್ಳುತ್ತೇನೆ, ಅವರು ಬೈದರೆ ಬೈಯಲಿ, ಅದಾದರೂ ನನಗೆ ಸಿಗಲಿ. ಒಬ್ದುಲಿಯಾ ಅಡ್ಡ ನಿಲ್ಲಲಿಲ್ಲ. "ಹೇಳಿದ್ರೆ ನಿಂಗೆ ಹಗುರ ಆಗುತ್ತೆ. ಅಮ್ಮಂಗೆ?" ಎಂದಷ್ಟೇ ಕೇಳಿ ಹಾಲಿನ ಕೆನೆ ತೆಗೆದಳು.

ಬಾಗಿಲು ದೂಡಿ ಒಳಗೆ ಹೋದೆ. ಅಮ್ಮ ಎಚ್ಚರವಾಗಿದ್ದರು. ಮುಖ ಒಂದು ಹಿಡಿಯಷ್ಟಾಗಿದೆ. ನಾನು ಬಾಯಿ ತೆರೆಯುವ ಮೊದಲೇ, ನೀನೂ ಹೋಗಿದ್ದೆಯಂತೆ, ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ಆಸ್ಪತ್ರೆಗೆ ಹೋಗಿ ನೋಡಿಬಂದವರನ್ನು ಕೇಳುವ ಹಾಗೆ.

"ಚೆನ್ನಾಗಿದ್ದಾರಮ್ಮ. ಜಾಗ ಬಿಟ್ಟಿದ್ದಾರೆ. ಗೋಡೆ ಕಡೆಗೆ ಸರಿದಿದ್ದಾರೆ."

ಅಮ್ಮನ ಹುಬ್ಬು ಗಂಟಾಯಿತು. "ಗೋಡೆ ಕಡೆಗೆ ಯಾಕೆ? ಗೋಡೆ ಕಡೆ ನಂದು. ಮದುವೆಯಾದಾಗಿಂದ ನಂದೇ. ಈಚೆಗೆ ಬರೋಕೆ ಹೇಳು ಅವರಿಗೆ."

"ಹೇಳ್ತೀನಮ್ಮ."

"ಮರೀಬೇಡ."

ಮರೆಯುವುದಿಲ್ಲ ಎಂದೆ. ಅಮ್ಮ ಕಣ್ಣು ಮುಚ್ಚಿದರು, ಎಷ್ಟೋ ದಿನದ ಮೇಲೆ ಗೊರಕೆ ಹೊಡೆದು ನಿದ್ದೆ ಮಾಡಿದರು. ಅಡುಗೆಮನೆಗೆ ಬಂದು ಒಬ್ದುಲಿಯಾಳಿಗೆ, ನಿನ್ನಿಂದ ನಾನೂ ಸುಳ್ಳುಗಾತಿಯಾದೆ ಎಂದು ಬೈದೆ. ಅವಳು ಒಂದು ಲೋಟ ಹಾಲಿಗೆ ಕಾಫಿ ಬೆರೆಸಿ ನನ್ನ ಮುಂದಿಟ್ಟಳು. ಸಕ್ಕರೆ ಹೆಚ್ಚಾಗಿತ್ತು, ಪೂರ್ತಿ ಕುಡಿದೆ.

ಏಪ್ರಿಲ್ 3, ಗುರುವಾರ

ಅಮ್ಮ ಬೆಳಿಗ್ಗೆ ಏಳೂಕಾಲಕ್ಕೆ ಹೋದರು. ಒಬ್ದುಲಿಯಾ ಬಲಗೈ ಹಿಡಿದಿದ್ದಳು, ನಾನು ಎಡಗೈ. ಬೇರೆ ಏನನ್ನೂ ಬರೆಯಲಾರೆ.

ಬರೆಯದಿದ್ದರೆ ಎದೆ ಒಡೆಯುತ್ತದೆ. ಹತ್ತು ಗಂಟೆಯೊಳಗೆ ಬಟ್ಟೆ ಕಳಿಸಿಕೊಡಿ ಎಂದು ಶವಾಗಾರದವರು ಹೇಳಿ ಹೋದರು. ಒಬ್ದುಲಿಯಾ ಬೀರುವಿನಿಂದ ಹಸಿರು ಉಡುಪು ತೆಗೆದಳು. ಒಬ್ದುಲಿಯಾಳ ಮದುವೆಗೆ ಅಮ್ಮ ಹಾಕಿಕೊಂಡಿದ್ದು, ಸತ್ತಾಗ ಅದನ್ನೇ ಹಾಕಿ ಎಂದು ನೂರು ಸಲ ಹೇಳಿಟ್ಟಿದ್ದು. ನಾನು ಕಿತ್ತುಕೊಂಡು ಕುತ್ತಿಗೆಯ ಹಿಂದಿನ ಚೀಟಿ ಓದಿದೆ. ಪಾಲಿಯೆಸ್ಟರ್, ನೂರಕ್ಕೆ ನೂರು.

ಬೇಡ ಎಂದೆ. ಒಬ್ದುಲಿಯಾ ಮೊದಲ ಸಲ ನನ್ನ ಮೇಲೆ ಕೂಗಿದಳು.

"ಅಮ್ಮ ಕೇಳಿದ್ದು ಹಸಿರು, ಕಸಿ!"

"ಅಮ್ಮ ಕೇಳಿದ್ದು ಅಪ್ಪನ ಪಕ್ಕ."

ಅವಳು ಉಡುಪನ್ನು ಮಂಚದ ಮೇಲಿಟ್ಟಳು. ಆಮೇಲೆ ಇಬ್ಬರೂ ನೆಲದ ಮೇಲೆ ಕುಳಿತು ಬೀರು ಖಾಲಿ ಮಾಡಿದೆವು. ಕನ್ನಡಕ ಒಂದೇ ಇತ್ತು, ಅವಳು ತನ್ನದನ್ನು ಔಷಧಿ ಅಂಗಡಿಯಲ್ಲಿ ಬಿಟ್ಟುಬಂದಿದ್ದಳಂತೆ, ಕೈಯಿಂದ ಕೈಗೆ ದಾಟಿಸುತ್ತ ಒಂದೊಂದೇ ಚೀಟಿ ಓದಿದೆವು. ಕಪ್ಪು ಲಂಗ, ಪಾಲಿಯೆಸ್ಟರ್. ಭಾನುವಾರದ ರವಿಕೆ, ನೈಲಾನ್. ಉಣ್ಣೆ ಎಂದುಕೊಂಡಿದ್ದ ಶಾಲು, ಅಕ್ರಿಲಿಕ್. ಎಂಬತ್ತೆಂಟು ವರ್ಷ ಬದುಕಿದ ಹೆಂಗಸಿನ ಬೀರುವಿನಲ್ಲಿ ಕರಗುವಂಥ ಒಂದು ಬಟ್ಟೆ ಇಲ್ಲ! ಈ ಬಟ್ಟೆ ಮಾಡುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಒಂಬತ್ತೂವರೆಯಾಯಿತು. ಒಬ್ದುಲಿಯಾ ಅಳುತ್ತ ಅಳುತ್ತಲೇ ತಳದಲ್ಲಿದ್ದ ಮದುವೆ ಪೆಟ್ಟಿಗೆ ಎಳೆದಳು. ಅದರಲ್ಲಿ ಒಂದು ಹಾಸು ಉಳಿದಿತ್ತು. ಮದುವೆಗೆ ಮೊದಲು ಅಮ್ಮ ತಾನೇ ಕೂತು ಅಂಚಿಗೆ ಇಬ್ಬರ ಹೆಸರಿನ ಮೊದಲಕ್ಷರವನ್ನೂ ಕಸೂತಿ ಹಾಕಿದ್ದು. ಚೀಟಿ ಇಲ್ಲ. ಮೂಸಿ ನೋಡಿದೆ, ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿ ಸುಟ್ಟು ನೋಡಿದೆ. ಶುದ್ಧ ಹತ್ತಿ, ಬೂದಿಯಾಗಿ ಬಿತ್ತು.

ಅಮ್ಮನಿಗೆ ಸುತ್ತಲು ಅದನ್ನೇ ಮಡಚಿಟ್ಟೆವು. ಕಾಲುಚೀಲವೆಲ್ಲ ನೈಲಾನ್, ಬರಿಗಾಲಲ್ಲಿ ಕಳಿಸುವುದೆಂದಾಯಿತು. ಅಮ್ಮನಿಗೆ ಬೇಸಿಗೆಯಲ್ಲೂ ಕಾಲು ತಣ್ಣಗೆ. ಒಬ್ದುಲಿಯಾ ಮೂಲೆಯಲ್ಲಿ ಕುಳಿತು ತನ್ನ ಕಾಲಿನದನ್ನು ಬಿಚ್ಚಿದಳು. ಬೂದು ಬಣ್ಣದ ಹತ್ತಿಯವು, ಎಡಗಡೆಯದಕ್ಕೆ ಹೆಬ್ಬೆರಳಿನ ಹತ್ತಿರ ತೂತು. ಆ ತೂತನ್ನು ನಾನು ಹೊಲಿದುಕೊಟ್ಟೆ, ಹತ್ತಿಯ ದಾರದಲ್ಲಿ.

ಏಪ್ರಿಲ್ 7, ಸೋಮವಾರ

ಅಮ್ಮನಿಗೆ ಸಿಕ್ಕಿದ್ದು ನಾಲ್ಕನೇ ಸಾಲು. ಹೂ ಇಡಬೇಕಾದರೆ ಏಣಿ ಹತ್ತಬೇಕು. ಅಪ್ಪನ ಗೂಡಿಗೂ ಅದಕ್ಕೂ ನಡುವೆ ಅಡ್ಡಕ್ಕೆ ಮೂರು ಮನೆಯವರು, ಕೆಳಕ್ಕೆ ಒಂದು ಸಾಲು. ಅನಸ್ತಾಸಿಯೊ ನಮ್ಮಿಂದ ಇನ್ನೊಂದು ಅರ್ಜಿ ಬರೆಸಿಕೊಂಡ. ಐದು ವರ್ಷ ಕಳೆದ ಮೇಲೆ ಎರಡನ್ನೂ ತೆರೆಯುವುದು, ಆಗಿದ್ದರೆ ಇಬ್ಬರನ್ನೂ ಎರಡನೇ ಸಾಲಿನಲ್ಲಿ ಸೇರಿಸುವುದು. ಸೇರಿಸುವಾಗ ಗೋಡೆ ಕಡೆಗೆ ಅಮ್ಮ ಎಂದು ನಾನು ಕೆಳಗೆ ಬರೆದೆ. ಅದಕ್ಕೆ ಕಾಗದದಲ್ಲಿ ಜಾಗವಿಲ್ಲ ಎಂದ. ಅಂಚಿನಲ್ಲಿ ಬರೆದಿದ್ದೇನೆ, ಓದಿಕೋ ಎಂದೆ.

ಒಬ್ದುಲಿಯಾ ಮಧ್ಯಾಹ್ನದ ಬಸ್ಸಿಗೆ ಹೊರಟಳು. ನಿಲ್ದಾಣದಲ್ಲಿ ಆ ಗಾಳಿಗೆ ಕುತ್ತಿಗೆ ತೆರೆದುಕೊಂಡು ನಿಂತಿದ್ದಳು, ನನ್ನ ಮಫ್ಲರು ಸುತ್ತಿದೆ. ಬೇಡ ಎಂದಳು, ಸುಮ್ಮನೆ ಇರು ಎಂದೆ. ಬಸ್ಸು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಇನ್ನೂ ಬೈಯಬೇಕಾದದ್ದು ಎಷ್ಟೋ ನೆನಪಾಯಿತು. ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ತಿನ್ನುತ್ತಾಳೆ. ದಿನಕ್ಕೆ ಎಂಟು ಸಿಗರೇಟು ಸೇದಿ ಐದು ಎಂದು ಲೆಕ್ಕ ಕೊಡುತ್ತಾಳೆ. ಉಪ್ಪಿನ ವಿಷಯ ಹೇಳುವುದೇ ಬೇಡ. ಮನೆಗೆ ಬಂದವಳೇ ಫೋನ್ ಮಾಡಿದೆ, ಅವಳಿನ್ನೂ ಮ್ಯಾಡ್ರಿಡ್ ಮುಟ್ಟಿರಲಿಲ್ಲ. ಐದು ವರ್ಷಕ್ಕೆ ನನಗೆ ಅರವತ್ತಾರು, ಅವಳಿಗೆ ಅರವತ್ತೆರಡು. ಆವತ್ತು ಆ ಕಾಗದಕ್ಕೆ ಇಬ್ಬರ ಸಹಿಯೂ ಬೇಕು. ಅಲ್ಲಿಯವರೆಗೆ ಸಾಯಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದೇನೆ.